ರಂಗದವರು ಕ್ಯಾಮೆರಾ ಮುಂದೆ ನಿಂತಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಹಳ ಕಾಲದಿಂದ ನಾಟಕದಲ್ಲಿದ್ದೇನೆ, ಈಗ ಸಿನಿಮಾ ಪಾತ್ರವೊಂದು ಸಿಕ್ಕಿದೆ. ನಿರ್ದೇಶಕರು ‘ಸ್ವಲ್ಪ ಕಡಿಮೆ ಮಾಡಿ’ ಎನ್ನುತ್ತಾರೆ. ಕಡಿಮೆ ಮಾಡಿದರೆ ‘ಸಪ್ಪೆಯಾಯಿತು’ ಎನ್ನುತ್ತಾರೆ. ಏನನ್ನು ಕಡಿಮೆ ಮಾಡಲಿ?

ಉತ್ತರ: ದನಿಯನ್ನು, ತಲೆಯಾಡಿಸುವುದನ್ನು. ಭಾವವನ್ನಲ್ಲ. ಪ್ರೇಕ್ಷಕರ ಕೊನೆಯ ಸಾಲಿಗೆ ಮುಟ್ಟಿಸುವ ಉಸಿರು ಇಲ್ಲಿ ಬೇಡ. ಎದೆಗೆ ಸಿಕ್ಕಿಸಿದ ಮೈಕ್ ಬಾಯಿಂದ ಗೇಣು ದೂರದಲ್ಲಿರುತ್ತದೆ. ಎದುರಿನ ಪಾತ್ರ ಎಷ್ಟು ದೂರ ನಿಂತಿದೆಯೋ ಅಷ್ಟಕ್ಕೇ ಮಾತಾಡಿ. ದನಿ ಇಳಿಸಿದ ಕೂಡಲೇ ಅನೇಕರು ಮಾತಿನ ಲಯವನ್ನೂ ಇಳಿಸಿಬಿಡುತ್ತಾರೆ. ಸಪ್ಪೆಯಾಗುವುದು ಅಲ್ಲೇ. ವೇಗ, ಪದದ ಮೇಲಿನ ಒತ್ತು ರಂಗದ ಮೇಲಿದ್ದಷ್ಟೇ ಇರಲಿ.

ಶಾಟ್‌ಗೆ ಮೊದಲು ಫ್ರೇಮ್ (ಕ್ಯಾಮೆರಾಗೆ ಕಾಣುವ ಚೌಕಟ್ಟು) ಎಲ್ಲಿಯವರೆಗೆ, ಫೋಕಸ್ ಎಷ್ಟು ಆಳ ಎಂದು ಛಾಯಾಗ್ರಾಹಕರನ್ನು ಕೇಳಿ, ಸಂಕೋಚ ಬೇಡ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸ್, ಎಫ್ 2 ಅಪರ್ಚರ್ (ಲೆನ್ಸ್‌ನ ಕಿಂಡಿ ಅಗಲವಾಗಿ ತೆರೆದಿದೆ ಎಂದರ್ಥ), 2 ಮೀಟರ್ ದೂರ ಎಂದಿಟ್ಟುಕೊಳ್ಳಿ: ಮುಖ ಸ್ಪಷ್ಟವಾಗಿ ಕಾಣುವುದು ಸುಮಾರು 6–7 ಸೆಂ.ಮೀ. ಆಳದೊಳಗೆ ಮಾತ್ರ. ಆವೇಶದಲ್ಲಿ ಮುಂದಕ್ಕೆ ಬಾಗಿದರೆ ಕಣ್ಣು ಮಸುಕಾಗುತ್ತದೆ, ಒಳ್ಳೆಯ ಟೇಕ್ ಕಸದ ಬುಟ್ಟಿಗೆ. ಬಾಗಲೇಬೇಕಿದ್ದರೆ ರಿಹರ್ಸಲ್‌ನಲ್ಲೇ ಬಾಗಿ ತೋರಿಸಿ, ಫೋಕಸ್ ಹಿಡಿಯುವವರು ಗುರುತು ಮಾಡಿಕೊಳ್ಳುತ್ತಾರೆ.

ಪ್ರಶ್ನೆ: ಇಡೀ ದೃಶ್ಯ ಕಾಣುವ ವೈಡ್ ಶಾಟ್‌ನಲ್ಲಿ ಚೆನ್ನಾಗಿ ಅಳುತ್ತೇನೆ, ಮುಖವಷ್ಟೇ ಕಾಣುವ ಕ್ಲೋಸಪ್ ಹೊತ್ತಿಗೆ ಕಣ್ಣು ಒಣಗಿರುತ್ತದೆ. ಕೈಯ ಚಲನೆಯೂ ಒಂದು ಶಾಟ್‌ನಿಂದ ಇನ್ನೊಂದಕ್ಕೆ ಹೊಂದುತ್ತಿಲ್ಲವಂತೆ.

ಉತ್ತರ: ಒಂದು ಸಂಜೆಗೆ ಒಮ್ಮೆ ಅತ್ತು ಮುಗಿಸುವ ಅಭ್ಯಾಸದ ಫಲ ಇದು. ಸಾಮಾನ್ಯವಾಗಿ ಮೊದಲು ವೈಡ್, ಆಮೇಲೆ ಕ್ಲೋಸಪ್. ನಡುವೆ ಬೆಳಕು ಬದಲಿಸಲು ಗಂಟೆ ಕಳೆದರೂ ಕಳೆಯಿತು. ವೈಡ್‌ನಲ್ಲಿ ನಡೆ, ನಿಲುವು, ಲಯ ಪೂರ್ತಿ ಕೊಡಿ, ಕಣ್ಣೀರನ್ನು ಉಳಿಸಿಕೊಳ್ಳಿ. ದೃಶ್ಯ ತೀರಾ ಭಾರವಾಗಿದ್ದರೆ ಕ್ಲೋಸಪ್ ಮೊದಲು ತೆಗೆಯಲಾದೀತೇ ಎಂದು ಹಿಂದಿನ ದಿನವೇ ಕೇಳಿ. ಲೈಟಿಂಗ್ ಆದ ಮೇಲೆ ಕೇಳಿದರೆ ಬೈಸಿಕೊಳ್ಳುತ್ತೀರಿ.

ಕೈಯ ವಿಷಯ: ಲೋಟ ಯಾವ ಪದಕ್ಕೆ ಎತ್ತುತ್ತೀರಿ, ಯಾವುದಕ್ಕೆ ಇಡುತ್ತೀರಿ ಎಂದು ಸಂಭಾಷಣೆಯ ಹಾಳೆಯಲ್ಲೇ ಗುರುತಿಸಿ. ಕೆಲಸಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ಲೋಟ ಒಂದು ಟೇಕ್‌ನಲ್ಲಿ ಬಲಗೈಯಲ್ಲಿ, ಇನ್ನೊಂದರಲ್ಲಿ ಎಡಗೈಯಲ್ಲಿ ಇದ್ದರೆ ಸಂಕಲನಕಾರರು ಅಭಿನಯ ನೋಡಿ ಟೇಕ್ ಆರಿಸುವುದಿಲ್ಲ, ಲೋಟ ನೋಡಿ ಆರಿಸುತ್ತಾರೆ. ಇನ್ನೊಂದು: ಕ್ಲೋಸಪ್‌ನಲ್ಲಿ ಎದುರಿನವರ ಮಾತಿನ ಮೇಲೆ ನಿಮ್ಮ ಮಾತು ಹತ್ತಿಸಬೇಡಿ. ರಂಗದಲ್ಲಿ ಅದು ಸೊಗಸು. ಇಲ್ಲಿ ಎರಡು ದನಿ ಒಂದೇ ಟ್ರ್ಯಾಕ್‌ನಲ್ಲಿ ಸಿಕ್ಕಿಕೊಂಡು ಕತ್ತರಿಸಲಾಗದು.

ಪ್ರಶ್ನೆ: ನಾಟಕ ಬಿಡದೆ ಸಿನಿಮಾ ಮಾಡಬಹುದೇ?

ಉತ್ತರ: ಮಾಡಬಹುದು, ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಪ್ರದರ್ಶನದ ದಿನಾಂಕಗಳನ್ನು ಅದರಲ್ಲಿ ಬರೆಸಿದರೆ. ಪ್ರದರ್ಶನದ ದಿನ ಎಷ್ಟು ಗಂಟೆಗೆ ಬಿಡುತ್ತಾರೆ ಎಂಬುದೂ ಇರಲಿ. ಬಾಯಿಮಾತು ಶೂಟಿಂಗ್ ತಡವಾದ ದಿನ ನಿಲ್ಲುವುದಿಲ್ಲ. ಗಡ್ಡ, ಕೂದಲಿನ ವಿಷಯ ಎರಡೂ ತಂಡಗಳಿಗೆ ತಿಳಿಸಿ. ಶೂಟಿಂಗ್ ಮುಗಿಯಿತೆಂದ ಮೇಲೂ ಬಿಟ್ಟುಹೋದ ಶಾಟ್‌ಗಳಿಗೆ ಕರೆ ಬರುವುದುಂಟು. ನಿರ್ದೇಶಕರನ್ನು ಕೇಳದೆ ಕ್ಷೌರಕ್ಕೆ ಕೂರಬೇಡಿ.