ನಿರ್ಮಾಪಕರಿಗೆ ಬರೆಯಬೇಡಿ, ಫೋಕಸ್ ಪುಲ್ಲರ್‌ಗೆ ಬರೆಯಿರಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಸಿನಿಮಾ, ಟಿವಿ ಯೂನಿಟ್‌ಗಳಲ್ಲಿ ಯಾರು ಯಾರನ್ನು ಕೆಲಸಕ್ಕೆ ಕರೆಯುತ್ತಾರೆ ಅನ್ನುವುದು. ನಾನು ಮೊದಲು ಸಹಾಯಕ ನಿರ್ದೇಶಕನಾಗಿ, ಆಮೇಲೆ ಪ್ರೊಡಕ್ಷನ್ ಮ್ಯಾನೇಜರ್ ಆಗಿ ಬಹಳ ವರ್ಷ ಕೆಲಸ ಮಾಡಿದವನು. ನಾಲ್ಕು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಕ್ಯಾಮೆರಾ ಕೋರ್ಸ್ ಮುಗಿಸಿ ಎಂಟು ತಿಂಗಳಾಯಿತು. ನಲವತ್ತು ನಿರ್ಮಾಣ ಸಂಸ್ಥೆಗಳಿಗೆ ಇಮೇಲ್ ಕಳಿಸಿದ್ದೇನೆ. ಒಂದಕ್ಕೂ ಉತ್ತರ ಇಲ್ಲ. ನನ್ನ ಕೆಲಸ ಚೆನ್ನಾಗಿಲ್ಲವಾ?

ನಿಮ್ಮ ಕೆಲಸವನ್ನು ಅಲ್ಲಿ ಯಾರೂ ನೋಡಿಯೇ ಇರಲಾರರು. ನೀವು ತಟ್ಟಿದ ಬಾಗಿಲೇ ಬೇರೆ.

ಒಂದು ಸಿನಿಮಾಕ್ಕೆ ನೂರು ಜನ ಬೇಕು ಅಂದುಕೊಳ್ಳಿ. ಆ ನೂರೂ ಜನರನ್ನು ಒಬ್ಬರೇ ಕೂತು ಆರಿಸುವುದಿಲ್ಲ. ನಿರ್ಮಾಪಕರು ನಿರ್ದೇಶಕರನ್ನು ಗೊತ್ತುಮಾಡುತ್ತಾರೆ. ಖರ್ಚು ನೋಡಿಕೊಳ್ಳಲು ಲೈನ್ ಪ್ರೊಡ್ಯೂಸರ್ ಒಬ್ಬರನ್ನು ತರುತ್ತಾರೆ. ಆಮೇಲೆ ನಿರ್ದೇಶಕರೂ ಇವರೂ ಸೇರಿ ವಿಭಾಗದ ಮುಖ್ಯಸ್ಥರನ್ನು ಕರೆಯುತ್ತಾರೆ: ಛಾಯಾಗ್ರಾಹಕ, ಕಲಾ ವಿಭಾಗದವರು, ಸೌಂಡ್, ವಸ್ತ್ರ, ಮೇಕಪ್, ಫಸ್ಟ್ ಅಸಿಸ್ಟೆಂಟ್ ಡೈರೆಕ್ಟರ್. ಮೇಲಿನವರ ಆಯ್ಕೆ ಹೆಚ್ಚುಕಡಿಮೆ ಇಲ್ಲಿಗೆ ಮುಗಿಯುತ್ತದೆ. ಉಳಿದವರನ್ನು ಈ ಮುಖ್ಯಸ್ಥರೇ ತಮ್ಮ ಜೊತೆ ಕರೆತರುತ್ತಾರೆ. ಸಂಬಳ ಎಷ್ಟು, ಎಷ್ಟು ಜನ ಅನ್ನುವುದಕ್ಕೆ ಪ್ರೊಡಕ್ಷನ್ ಆಫೀಸಿನ ಒಪ್ಪಿಗೆ ಬೇಕು. ಆದರೆ ಹೆಸರು ಹೇಳುವವರು ಮುಖ್ಯಸ್ಥರು.

ಮುಖ್ಯಸ್ಥರ ಕೆಳಗೂ ಇದೇ ಸರಪಳಿ. ಛಾಯಾಗ್ರಾಹಕರು ತಮಗೆ ಒಗ್ಗಿದ, ಶಾಟ್ ನಡೆಯುವಾಗ ಲೆನ್ಸಿನ ಫೋಕಸ್ ನೋಡಿಕೊಳ್ಳುವ ಫೋಕಸ್ ಪುಲ್ಲರ್ ಮತ್ತು ಲೈಟಿಂಗ್ ನೋಡಿಕೊಳ್ಳುವ ಗ್ಯಾಫರ್ ಇಬ್ಬರನ್ನೂ ಕೇಳುತ್ತಾರೆ. ಗ್ಯಾಫರ್ ತಮ್ಮ ಬೆಸ್ಟ್ ಬಾಯ್‌ನನ್ನು, ಬೆಸ್ಟ್ ಬಾಯ್ ಲೈಟ್‌ನವರನ್ನು ಕರೆಯುತ್ತಾರೆ. (ಬೆಸ್ಟ್ ಬಾಯ್ ಅಂದರೆ ಗ್ಯಾಫರ್‌ನ ಬಲಗೈ. ಹೆಂಗಸರು ಮಾಡಿದರೂ ಹಲವು ಕಡೆ ಹುದ್ದೆಯ ಹೆಸರು ಅದೇ.) ಫೋಕಸ್ ಪುಲ್ಲರ್ ತಮ್ಮ ಸೆಕೆಂಡ್ ಅಸಿಸ್ಟೆಂಟ್‌ನನ್ನು ಹೇಳುತ್ತಾರೆ. ಆ ಸೆಕೆಂಡ್ ಅಸಿಸ್ಟೆಂಟ್ ಇದ್ದಾರಲ್ಲ, ಕ್ಲ್ಯಾಪ್ ಹೊಡೆಯುವವರು, ಅವರೇ ಬಹಳ ಸಲ ಟ್ರೇನಿಯನ್ನು ಹುಡುಕುವುದು. ನೀವು ಬೇಕಾಗಿರುವುದು ಅವರಿಗೆ. ನಿಮ್ಮ ನಲವತ್ತು ಇಮೇಲ್ ಹೋಗಿದ್ದು ಅವರಿಂದ ನಾಲ್ಕು ಮೆಟ್ಟಿಲು ಮೇಲಕ್ಕೆ.

ಹಾಗಾಗಿ ನಿಮಗಿಂತ ಒಂದು ಅಥವಾ ಎರಡು ಮೆಟ್ಟಿಲು ಮೇಲಿರುವವರನ್ನು ಹುಡುಕಿ. ಸಿನಿಮಾ ಮುಗಿದ ಮೇಲೆ ಬರುವ ಹೆಸರುಗಳ ಪಟ್ಟಿಯಲ್ಲಿ ಇವರೆಲ್ಲ ಇರುತ್ತಾರೆ. ಕ್ಯಾಮೆರಾ ಬಾಡಿಗೆಗೆ ಕೊಡುವ ಕಡೆ ಒಂದಷ್ಟು ದಿನ ಕೆಲಸ ಮಾಡಿದರೆ ಇನ್ನೂ ಒಳ್ಳೆಯದು. ಶೂಟಿಂಗ್‌ಗೆ ಮೊದಲು ಅಸಿಸ್ಟೆಂಟ್‌ಗಳು ಅಲ್ಲಿಗೆ ಬಂದು ಲೆನ್ಸು, ಕ್ಯಾಮೆರಾ ಬಾಡಿ, ಕೇಬಲ್ಲು ಎಲ್ಲ ತೆಗೆದು ಪರೀಕ್ಷೆ ಮಾಡುತ್ತಾರೆ. ದಿನಗಟ್ಟಲೆ ನಿಮ್ಮೆದುರೇ ಇರುತ್ತಾರೆ, ಅಲ್ವಾ?

ಪತ್ರ ಚಿಕ್ಕದಿರಲಿ. ಯಾವ ಕ್ಯಾಮೆರಾ ಬಿಚ್ಚಿ ಜೋಡಿಸಲು ಬರುತ್ತದೆ, ಯಾವ ದಿನದಿಂದ ಬಿಡುವು, ಡ್ರೈವಿಂಗ್ ಬರುತ್ತದಾ, ಫೋನ್ ನಂಬರ್. ಇಷ್ಟು ಸಾಕು. ಸಿನಿಮಾ ನನ್ನ ಉಸಿರು ಅಂತ ಬರೆಯಬೇಡಿ. ಅದು ನಿಜವೇ ಇರಬಹುದು, ಆದರೆ ನಾಳೆ ಬೆಳಿಗ್ಗೆ ಐದಕ್ಕೆ ಒಬ್ಬರು ಬೇಕು ಅಂತ ಪರದಾಡುತ್ತಿರುವವರಿಗೆ ಆ ಸಾಲಿನಿಂದ ಏನೂ ತಿಳಿಯುವುದಿಲ್ಲ.

ಹೋದ ಮೇಲೆ ಜನ ನೋಡುವುದು ಬಹಳ ಸಣ್ಣ ವಿಷಯಗಳನ್ನು. ನಮ್ಮ ಒಂದು ಯೂನಿಟ್‌ಗೆ ಒಬ್ಬ ಹುಡುಗ ಮೂರೇ ದಿನಕ್ಕೆ ಅಂತ ಬಂದಿದ್ದ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಖಾಲಿಯಾದ ಬ್ಯಾಟರಿಗಳಿಗೆಲ್ಲ ಕೆಂಪು ಟೇಪ್, ಚಾರ್ಜ್ ಆದವಕ್ಕೆ ಹಸಿರು ಟೇಪ್ ಅಂಟಿಸಿ ಬೇರೆ ಬೇರೆ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಯಾರೂ ಹೇಳಿರಲಿಲ್ಲ. ಮಾರನೇ ದಿನ ನಟರು ನಿಲ್ಲುವ ಜಾಗಕ್ಕೆ ನೆಲದ ಮೇಲೆ ಗುರುತು ಹಾಕುವ ಕೆಲಸ ಕೊಟ್ಟರು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಟೇಪ್, ಇಂಗ್ಲಿಷಿನ ಟಿ ಅಕ್ಷರದ ಹಾಗೆ. ನೆಲ ಫ್ರೇಮಿನಲ್ಲಿ ಕಾಣುವ ಶಾಟ್ ಬಂದಾಗ ಅವನು ತಾನಾಗಿಯೇ ಓಡಿಹೋಗಿ ಟೇಪ್ ಕಿತ್ತು, ಅದೇ ಜಾಗದಲ್ಲಿ ಒಂದು ಒಣಗಿದ ಎಲೆ ಇಟ್ಟು ಬಂದ. ನಾನು ಮಾನಿಟರ್ ಹಿಂದೆ ನಿಂತು ನೋಡುತ್ತಿದ್ದೆ, ಫೋಕಸ್ ಪುಲ್ಲರ್ ಏನೂ ಮಾತಾಡಲಿಲ್ಲ. ಮೂರನೇ ದಿನ ಪ್ಯಾಕಪ್ ಆದ ಮೇಲೆ ಅವನ ನಂಬರ್ ತೆಗೆದುಕೊಂಡರು. ಮುಂದಿನ ಎರಡು ಸಿನಿಮಾಕ್ಕೆ ಅವನೇ ಬಂದ.

ಅಸಿಸ್ಟೆಂಟ್ ಡೈರೆಕ್ಟರ್ ಆದರೆ ಮುಂದೆ ಡೈರೆಕ್ಟರ್ ಆಗಬಹುದು ಅಂತಾರೆ. ನಿಜವೇ?

ಇದು ನೀವು ಯಾವ ಪದ್ಧತಿಯಲ್ಲಿ ಕೆಲಸ ಮಾಡುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಕೆಲವು ಚಿತ್ರರಂಗಗಳಲ್ಲಿ ಸಹಾಯಕ ನಿರ್ದೇಶಕ ಅಂದರೆ ನಿರ್ದೇಶಕರ ಶಿಷ್ಯ. ಕಥೆ ಚರ್ಚೆಯಿಂದ ಎಡಿಟಿಂಗ್‌ವರೆಗೂ ಜೊತೆಗಿದ್ದು ಕಲಿತು, ಆಮೇಲೆ ತಾನೇ ಸಿನಿಮಾ ಮಾಡುತ್ತಾನೆ. ಅಮೆರಿಕ, ಬ್ರಿಟನ್ ಪದ್ಧತಿಯಲ್ಲಿ ಫಸ್ಟ್ ಎಡಿ, ಅಂದರೆ ಫಸ್ಟ್ ಅಸಿಸ್ಟೆಂಟ್ ಡೈರೆಕ್ಟರ್, ಅನ್ನುವುದು ಬೇರೆಯೇ ಕಸುಬು. ಶೆಡ್ಯೂಲ್ ಹಾಕುವುದು, ಸೆಟ್ಟನ್ನು ಓಡಿಸುವುದು, ಸುರಕ್ಷತೆ ನೋಡಿಕೊಳ್ಳುವುದು. ಅಲ್ಲಿಂದ ಜಾಸ್ತಿ ಜನ ಪ್ರೊಡಕ್ಷನ್ ಮ್ಯಾನೇಜರ್, ಲೈನ್ ಪ್ರೊಡ್ಯೂಸರ್ ಕಡೆಗೆ ಹೋಗುತ್ತಾರೆ. ಆಲ್ಫ್ರೆಡ್ ಹಿಚ್‌ಕಾಕ್ ಮೂಕಿ ಚಿತ್ರಗಳ ಶೀರ್ಷಿಕೆ ಕಾರ್ಡ್ ವಿನ್ಯಾಸ ಮಾಡುವ ಕೆಲಸಕ್ಕೆ ಸೇರಿ, ಕಲಾ ನಿರ್ದೇಶನ, ಸಹಾಯಕ ನಿರ್ದೇಶನ ಎಲ್ಲ ಮಾಡಿ ನಿರ್ದೇಶಕರಾದರು. ಅದು 1920ರ ದಶಕದ ಮಾತು. ಈಗ ಯೂನಿಟ್ ಒಳಗೆ ಅಷ್ಟು ಸುಲಭವಾಗಿ ವಿಭಾಗ ದಾಟಲು ಆಗುವುದಿಲ್ಲ.

ಫಸ್ಟ್ ಎಡಿ ಕಸುಬಿನ ರುಚಿ ಗೊತ್ತಾಗಬೇಕಾದರೆ ಸ್ಕ್ರಿಪ್ಟ್ ಬ್ರೇಕ್‌ಡೌನ್ ಮಾಡಿ ನೋಡಿ, ಅಂದರೆ ಚಿತ್ರಕಥೆಯನ್ನು ಬಿಡಿಸಿ ಯಾವ ದೃಶ್ಯಕ್ಕೆ ಏನೇನು ಬೇಕು ಅಂತ ಲೆಕ್ಕ ಹಾಕುವುದು. ಪ್ರತಿ ಪುಟವನ್ನೂ ಎಂಟು ಭಾಗ ಮಾಡುತ್ತೇವೆ. ಒಂದು ಭಾಗ ಅಂದರೆ ಪುಟದಲ್ಲಿ ಒಂದು ಇಂಚಿನಷ್ಟು. ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಅನ್ನುವುದು ಹಳೆಯ ಲೆಕ್ಕ. ಆದರೆ "ಮಳೆಯಲ್ಲಿ ಜನರ ಗುಂಪು ಸೇತುವೆ ದಾಟುತ್ತದೆ" ಅನ್ನುವ ಒಂದೇ ಸಾಲು ಎಂಟನೇ ಒಂದು ಭಾಗ ಅಷ್ಟೇ, ಶೂಟ್ ಮಾಡಲು ಇಡೀ ರಾತ್ರಿ ಬೇಕು. ಇಬ್ಬರು ಕೂತು ಮಾತಾಡುವ ಮೂರು ಪುಟ ಅರ್ಧ ದಿನದಲ್ಲಿ ಮುಗಿಯಬಹುದು. ಈ ವ್ಯತ್ಯಾಸವನ್ನು ಮೊದಲೇ ಕಂಡು, ಮಳೆ ಯಂತ್ರ, ಹೆಚ್ಚಿನ ಬಟ್ಟೆ, ಒರೆಸಿಕೊಳ್ಳಲು ಟವೆಲ್, ಇಷ್ಟನ್ನೂ ಆ ದಿನಕ್ಕೆ ಸರಿಯಾಗಿ ಕೂರಿಸುವವರು ಫಸ್ಟ್ ಎಡಿ.

ಆಬಿ ಸಿಂಗರ್ ಅಂತ ಅಮೆರಿಕದ ಟಿವಿಯಲ್ಲಿ ಒಬ್ಬ ಸಹಾಯಕ ನಿರ್ದೇಶಕರಿದ್ದರು. ಇದೊಂದು ಶಾಟ್, ಆಮೇಲೆ ಇನ್ನೊಂದೇ ಅಂತ ಅವರು ಯೂನಿಟ್‌ಗೆ ಮೊದಲೇ ಹೇಳಿಬಿಡುತ್ತಿದ್ದರು. ಸಾಮಾನು ಕಟ್ಟುವವರು ತಯಾರಾಗಲಿ ಅಂತ. ಇವತ್ತಿಗೂ ಇಂಗ್ಲಿಷ್ ಮಾತಾಡುವ ಸೆಟ್‌ಗಳಲ್ಲಿ ಕೊನೆಯದಕ್ಕಿಂತ ಒಂದು ಮೊದಲಿನ ಶಾಟ್‌ಗೆ ಅವರದೇ ಹೆಸರು. ಬೇರೆಯವರ ಸಮಯವನ್ನು ಹೀಗೆ ಕಾಪಾಡುವುದು ನಿಮಗೆ ಖುಷಿ ಕೊಡುತ್ತದೆ ಅಂದರೆ ಎಡಿ ಆಗಿ. ನಿರ್ದೇಶನವೇ ಬೇಕು ಅಂದರೆ ಸಣ್ಣದಾದರೂ ಸರಿ, ಸ್ವಂತದ್ದೊಂದು ಮಾಡಿ ತೋರಿಸುವುದು ಹತ್ತಿರದ ದಾರಿ.

ಸಿನಿಮಾ ಯೂನಿಟ್‌ಗೂ ಟಿವಿ ಯೂನಿಟ್‌ಗೂ ಏನು ವ್ಯತ್ಯಾಸ? ಯಾವುದಕ್ಕೆ ಸೇರುವುದು ಒಳ್ಳೆಯದು?

ಸಿನಿಮಾದಲ್ಲಿ ನಿರ್ದೇಶಕರು ಕೊನೆಯವರೆಗೂ ಒಬ್ಬರೇ. ಹಲವು ಟಿವಿ ಸರಣಿಗಳಲ್ಲಿ ಕಂತಿಗೊಬ್ಬ ನಿರ್ದೇಶಕರು ಬಂದು ಹೋಗುತ್ತಾರೆ, ಯೂನಿಟ್ ಅದೇ ಉಳಿಯುತ್ತದೆ. ಅಲ್ಲಿ ಕೊನೆಯ ಮಾತು ಸಾಮಾನ್ಯವಾಗಿ ಇಡೀ ಸರಣಿಯ ಹೊಣೆ ಹೊತ್ತ ಷೋರನ್ನರ್ ಅವರದು, ಅವರು ಬಹಳ ಸಲ ಮುಖ್ಯ ಬರಹಗಾರರೂ ಹೌದು. ಒಬ್ಬ ಫಸ್ಟ್ ಎಡಿ ಶೂಟಿಂಗ್‌ನಲ್ಲಿದ್ದರೆ ಇನ್ನೊಬ್ಬರು ಮುಂದಿನ ಕಂತಿನ ತಯಾರಿಯಲ್ಲಿ ಇರುತ್ತಾರೆ. ಸ್ಟುಡಿಯೋದಲ್ಲಿ ಮೂರು-ನಾಲ್ಕು ಕ್ಯಾಮೆರಾ ಒಟ್ಟಿಗೆ ಓಡುವ ಕಾರ್ಯಕ್ರಮವಾದರೆ ಸ್ಟುಡಿಯೋ ನೆಲದ ಮೇಲೆ ಎಲ್ಲ ನಡೆಸುವ ಫ್ಲೋರ್ ಮ್ಯಾನೇಜರ್, ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಚಿತ್ರ ಬದಲಿಸುವ ವಿಷನ್ ಮಿಕ್ಸರ್ ಅಂತ ಬೇರೆಯೇ ಹುದ್ದೆಗಳು, ನಿರ್ದೇಶಕರು ಕಂಟ್ರೋಲ್ ರೂಮಿನಲ್ಲಿ ಕೂತಿರುತ್ತಾರೆ. ಹೊಸಬರಿಗೆ ನಾನು ಟಿವಿಯನ್ನೇ ಹೇಳುತ್ತೇನೆ. ಕೆಲಸ ಹೆಚ್ಚು ತಿಂಗಳು ಸಿಗುತ್ತದೆ, ಕೈ ಬೇಗ ಪಳಗುತ್ತದೆ.

ಮೊದಲ ಕೆಲಸ ಸಿಕ್ಕಿದೆ. ಎಲ್ಲ ಬಾಯಿಮಾತಲ್ಲೇ ಆಗಿದೆ. ದಿನಕ್ಕೆ 16-17 ಗಂಟೆ ಆಗಬಹುದು, ಹೊಂದಿಕೊಳ್ಳಬೇಕು ಅಂದರು. ಏನು ಮಾಡಲಿ?

ಬರಹದಲ್ಲಿ ತೆಗೆದುಕೊಳ್ಳಿ. ದೊಡ್ಡ ಕರಾರುಪತ್ರ ಬೇಕಿಲ್ಲ, ಒಂದು ಪುಟದ ಡೀಲ್ ಮೆಮೊ ಸಾಕು. ಹುದ್ದೆಯ ಹೆಸರು, ದಿನದ ಅಥವಾ ವಾರದ ಸಂಬಳ, ಅದರಲ್ಲಿ ಎಷ್ಟು ಗಂಟೆ ಸೇರಿದೆ, ಮೀರಿದರೆ ಓವರ್‌ಟೈಮ್ ಎಷ್ಟು, ಪ್ರಯಾಣ ಯಾರ ಖರ್ಚು, ನಿಮ್ಮ ಸ್ವಂತ ಸಾಮಾನು ಬಳಸಿದರೆ ಬಾಡಿಗೆ ಎಷ್ಟು, ಹಣ ಯಾವ ದಿನ ಕೈಗೆ ಬರುತ್ತದೆ, ಶೂಟಿಂಗ್ ರದ್ದಾದರೆ ಏನು. ಅವರು ಬರೆದು ಕೊಡದಿದ್ದರೆ ನೀವೇ ಒಂದು ಇಮೇಲ್ ಬರೆಯಿರಿ: "ನಿನ್ನೆ ಫೋನಿನಲ್ಲಿ ನಾವು ಮಾತಾಡಿದ್ದು ಹೀಗೆ, ತಪ್ಪಿದ್ದರೆ ತಿಳಿಸಿ." ಮರ್ಯಾದಸ್ಥರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ನನ್ನ ಮೊದಲ ಸಿನಿಮಾದಲ್ಲಿ ನಾನು ಇದನ್ನು ಕೇಳಲಿಲ್ಲ, ಕೊನೆಯ ಐದು ವಾರದ ಸಂಬಳ ಬರಲೇ ಇಲ್ಲ. ನೆನೆದರೆ ಈಗಲೂ ಸಂಕಟ ಆಗುತ್ತದೆ.

ಇನ್ನು ಗಂಟೆಗಳ ವಿಷಯ. ಇದನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. 1997ರಲ್ಲಿ ಅಮೆರಿಕದಲ್ಲಿ ಒಬ್ಬ ಅಸಿಸ್ಟೆಂಟ್ ಕ್ಯಾಮೆರಾಮನ್ 19 ಗಂಟೆ ಕೆಲಸ ಮುಗಿಸಿ ತಾನೇ ಕಾರು ಓಡಿಸಿಕೊಂಡು ಮನೆಗೆ ಹೊರಟರು. ದಾರಿಯಲ್ಲಿ ನಿದ್ದೆ ಹತ್ತಿತು, ಅಪಘಾತದಲ್ಲಿ ತೀರಿಕೊಂಡರು. ದಿನದ ಕೆಲಸ 14 ಗಂಟೆ ಮೀರಬಾರದು ಅಂತ ಆಮೇಲೆ ಸಾವಿರಾರು ಜನ ಸಹಿ ಹಾಕಿದರು. ಯುರೋಪಿನ ಕೆಲಸದ ವೇಳೆಯ ನಿಯಮದಲ್ಲಿ ಒಂದು ದಿನದ ಕೆಲಸಕ್ಕೂ ಮುಂದಿನ ದಿನದ ಕೆಲಸಕ್ಕೂ ನಡುವೆ 11 ಗಂಟೆ ಬಿಡುವು ಕೊಡಬೇಕು. ಸೆಟ್ ಭಾಷೆಯಲ್ಲಿ ಇದಕ್ಕೆ ಟರ್ನ್‌ಅರೌಂಡ್ ಅಂತಾರೆ. ನೀವಿರುವ ಕಡೆ ನಿಯಮ ಏನು ಅಂತ ನಿಮ್ಮ ವಿಭಾಗದ ಕಾರ್ಮಿಕ ಸಂಘದಲ್ಲಿ ಕೇಳಿ. ಸದಸ್ಯರಾಗಿಲ್ಲದಿದ್ದರೂ ಕೇಳಬಹುದು.

ರಾತ್ರಿ ಕಾಲ್ ಶೀಟ್ (ಮಾರನೇ ದಿನ ಯಾರು ಎಲ್ಲಿಗೆ, ಎಷ್ಟು ಹೊತ್ತಿಗೆ ಬರಬೇಕು ಅನ್ನುವ ಪಟ್ಟಿ) ಬಂದ ಕೂಡಲೇ ನಿಮ್ಮ ವಿಭಾಗದ ಕಾಲ್ ಟೈಮ್ ನೋಡಿ, ಪ್ಯಾಕಪ್ ಆದ ಹೊತ್ತಿನಿಂದ ಅಲ್ಲಿಗೆ ಎಷ್ಟು ಗಂಟೆ ಅಂತ ಎಣಿಸಿ. ಹೋಗಿ ಬರುವ ಸಮಯವನ್ನೂ ಕಳೆಯಿರಿ. ಉಳಿದದ್ದು ನಿದ್ದೆಗೆ ಸಾಲದು ಅನಿಸಿದರೆ ನಿಮ್ಮ ಮುಖ್ಯಸ್ಥರಿಗೆ ಆಗಲೇ ಹೇಳಿ, ಬೆಳಿಗ್ಗೆವರೆಗೆ ಕಾಯಬೇಡಿ. ಗಾಡಿ ಓಡಿಸಲಾಗದಷ್ಟು ಸುಸ್ತಾಗಿದ್ದರೆ ಕೀಲಿ ಜೇಬಲ್ಲೇ ಇರಲಿ. ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಹೋಗಿ ಮಲಗಲು ರೂಮ್ ಅಥವಾ ಮನೆ ತಲುಪಿಸಲು ಡ್ರೈವರ್ ಕೇಳಿ. ಆ ಕುರ್ಚಿಯಲ್ಲಿ ಕೂತಿದ್ದವನಾಗಿ ಹೇಳುತ್ತಿದ್ದೇನೆ, ಅದನ್ನು ಏರ್ಪಾಡು ಮಾಡುವುದು ಅವರ ಕೆಲಸ.