ಸಂಪಾದಕರ ಉತ್ತರ: ಗಾಳಿ ಸೋಸುವ ಮೊದಲು ಕಲ್ಲಿದ್ದಲು ನಿಲ್ಲಲಿ

ಮಾನ್ಯರೇ,

ಗಾಳಿಯಿಂದಲೇ ಇಂಗಾಲದ ಡೈಆಕ್ಸೈಡ್ ಹೀರುವ ಯಂತ್ರ ಬಂದಿರುವಾಗ ಈ ಪತ್ರಿಕೆ ಇನ್ನೂ ಯಾಕೆ ‘ಕಲ್ಲಿದ್ದಲು ಬಿಡಿ’ ಎನ್ನುತ್ತಿದೆ, ಓಜೋನ್ ರಂಧ್ರಕ್ಕೆ ವಿಜ್ಞಾನವೇ ಪರಿಹಾರ ಕೊಡಲಿಲ್ಲವೇ ಎಂದು ಕೇಳಿದ್ದೀರಿ. ಲೆಕ್ಕ ಹಾಕಿ ವಾದಿಸುವ ಓದುಗರೆಂದರೆ ನಮಗೆ ಅಕ್ಕರೆ. ಆದರೆ ನಿಮ್ಮ ಲೆಕ್ಕದಲ್ಲಿ ಶಕ್ತಿಯ ಖರ್ಚು ಎಲ್ಲೂ ಇಲ್ಲ.

ಈ ಯಂತ್ರದ ಫ್ಯಾನುಗಳು ಗಾಳಿಯನ್ನು, ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವ ಅಮೀನ್ ಎಂಬ ರಾಸಾಯನಿಕ ಲೇಪಿಸಿದ ಫಿಲ್ಟರಿನ ಮೂಲಕ ಎಳೆಯುತ್ತವೆ. ಫಿಲ್ಟರ್ ತುಂಬಿದ ಮೇಲೆ ಪೆಟ್ಟಿಗೆ ಮುಚ್ಚಿ, ಒಳಗಿನ ಗಾಳಿ ತೆಗೆದು, ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಹಿಡಿದ ಅನಿಲ ಹೊರಬರುತ್ತದೆ. ಅದನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಶಿಲೆಯೊಳಕ್ಕೆ ಇಳಿಸಬಹುದು. ರಸಾಯನಶಾಸ್ತ್ರದಲ್ಲಿ ತಪ್ಪಿಲ್ಲ. ಕಲ್ಲಿದ್ದಲು ಸ್ಥಾವರದ ಹೊಗೆಯಲ್ಲಿ ಈ ಅನಿಲ ನೂರಕ್ಕೆ 12ರಿಂದ 14ರಷ್ಟಿದ್ದರೆ, ಬಯಲಿನ ಗಾಳಿಯಲ್ಲಿ ಹತ್ತು ಲಕ್ಷ ಅಣುಗಳಿಗೆ ಸುಮಾರು 420 ಮಾತ್ರ. ಹಾಗಾಗಿ ಒಂದು ಟನ್ ಹಿಡಿಯಲು ಶಾಖ, ವಿದ್ಯುತ್ ಎರಡೂ ಸೇರಿ ಹತ್ತಿರಹತ್ತಿರ 2,000 ಯೂನಿಟ್ ಬೇಕು. ಅಷ್ಟೇ ಸೌರ ವಿದ್ಯುತ್ತನ್ನು ಗ್ರಿಡ್‌ಗೆ ಹರಿಸಿ ಕಲ್ಲಿದ್ದಲಿನ ವಿದ್ಯುತ್ತನ್ನು ಕಡಿಮೆ ಮಾಡಿದರೆ, ಯೂನಿಟ್‌ಗೆ ಸುಮಾರು ಒಂದು ಕಿಲೋದಂತೆ, ಎರಡು ಟನ್ ಹುಟ್ಟುವುದೇ ಇಲ್ಲ. ಇದನ್ನು ದಯವಿಟ್ಟು ಮತ್ತೊಮ್ಮೆ ಓದಿ.

ಐಸ್‌ಲ್ಯಾಂಡಿನಲ್ಲಿ 2024ರಲ್ಲಿ ಶುರುವಾದ, ಗಾಳಿಯಿಂದ ಅನಿಲ ಹಿಡಿಯುವ ಮ್ಯಾಮತ್ ಸ್ಥಾವರದ ಘೋಷಿತ ಸಾಮರ್ಥ್ಯ ವರ್ಷಕ್ಕೆ 36,000 ಟನ್. ಜಗತ್ತು ಇಂಧನ ಸುಟ್ಟು ವರ್ಷಕ್ಕೆ ಹೊರಬಿಡುವುದು ಸುಮಾರು 3,700 ಕೋಟಿ ಟನ್. ಭಾಗಿಸಿ ನೋಡಿ, ಅರ್ಧ ನಿಮಿಷದ ಹೊಗೆ.

ಚಿಮಣಿಯಲ್ಲೇ ಹಿಡಿಯೋಣ ಎನ್ನುತ್ತೀರಿ. ಸಿಮೆಂಟಿನ ಮಟ್ಟಿಗೆ ಒಪ್ಪುತ್ತೇನೆ, ಅಲ್ಲಿ ಸುಣ್ಣಕಲ್ಲಿನಿಂದಲೇ ಅನಿಲ ಬರುತ್ತದೆ, ಇಂಧನ ಬದಲಿಸಿದರೂ ನಿಲ್ಲದು. ವಿದ್ಯುತ್ ಸ್ಥಾವರದ ಕಥೆ ಬೇರೆ. ಕೆನಡಾದ ಬೌಂಡರಿ ಡ್ಯಾಮ್ ಎಂಬ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಅನಿಲ ಹಿಡಿಯುವ ಘಟಕ 2014ರಲ್ಲಿ ಆರಂಭವಾದಾಗ ವರ್ಷಕ್ಕೆ 10 ಲಕ್ಷ ಟನ್ ಹಿಡಿಯುವ ಗುರಿಯಿತ್ತು. ಹಾರುಬೂದಿ ಉಪಕರಣಗಳೊಳಗೆ ಕಟ್ಟಿಕೊಂಡಿತು, ಅಮೀನ್ ದ್ರಾವಣ ಬೇಗ ಕೆಟ್ಟಿತು, ಗುರಿ ಕೈಗೆಟುಕಲಿಲ್ಲ.

ಇನ್ನು ಓಜೋನ್. 1987ರ ಮಾಂಟ್ರಿಯಲ್ ಒಪ್ಪಂದ ಆಕಾಶಕ್ಕೆ ಫಿಲ್ಟರ್ ಕಟ್ಟಲಿಲ್ಲ, ಓಜೋನ್ ಪದರವನ್ನು ಕೊರೆಯುತ್ತಿದ್ದ ಸಿಎಫ್‌ಸಿ ರಾಸಾಯನಿಕಗಳ ತಯಾರಿಕೆಯನ್ನೇ ಹಂತಹಂತವಾಗಿ ನಿಲ್ಲಿಸಿತು. ಬದಲಿ ರಾಸಾಯನಿಕ ತಂತ್ರಜ್ಞಾನದ ಕೊಡುಗೆಯೇ, ಆದರೆ ಅದಕ್ಕೆ ಮಾರುಕಟ್ಟೆ ಮಾಡಿಕೊಟ್ಟದ್ದು ನಿಷೇಧ. ನಿಮ್ಮ ಉದಾಹರಣೆ ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತಿದೆ.

ನನ್ನ ನಿಜವಾದ ಸಿಟ್ಟು ನಮ್ಮ ವೃತ್ತಿಯ ಮೇಲೆ. ಉದ್ಘಾಟನೆಗೆ ಮುಖಪುಟ ಸಿಗುತ್ತದೆ. ಎರಡು ವರ್ಷದ ನಂತರ ಘಟಕ ಎಷ್ಟು ಟನ್ ಹಿಡಿಯಿತು ಎಂಬುದಕ್ಕೆ ಒಳಪುಟದಲ್ಲೂ ಜಾಗವಿಲ್ಲ. ಸಾಮರ್ಥ್ಯವನ್ನೇ ಸಾಧನೆಯೆಂದು ಅಚ್ಚು ಹಾಕುತ್ತೇವೆ, ಓದುಗರು ನಂಬುತ್ತಾರೆ, ಆಳುವವರಿಗೆ ಗಣಿ ಮುಚ್ಚುವ ನಿರ್ಧಾರ ಮುಂದೂಡಲು ನೆಪ ಸಿಗುತ್ತದೆ. ಮುಂದಿನ ಸಲ ಇಂಥ ಸುದ್ದಿ ಕಂಡರೆ ನಿಜಕ್ಕೂ ಹಿಡಿದ ಟನ್ ಎಷ್ಟು, ಶಕ್ತಿ ಎಲ್ಲಿಂದ ಬಂತು ಎಂದು ಕೇಳಿ. ಹಿಡಿದ ಅನಿಲ ಎಲ್ಲಿಗೆ ಹೋಯಿತು ಎಂದೂ ಕೇಳಿ. ಟೆಕ್ಸಾಸಿನಲ್ಲಿ ಕಲ್ಲಿದ್ದಲು ಸ್ಥಾವರದ ಹೊಗೆಯಿಂದ ಅನಿಲ ಹಿಡಿಯುವ ಪೆಟ್ರಾ ನೋವಾ ಘಟಕದಲ್ಲಿ ಅದು ಹೋದದ್ದು ಹಳೆಯ ಎಣ್ಣೆಬಾವಿಗಳಿಗೆ, ಇನ್ನಷ್ಟು ಕಚ್ಚಾತೈಲ ಮೇಲೆತ್ತಲು. 2020ರಲ್ಲಿ ತೈಲದ ಬೆಲೆ ಕುಸಿದಾಗ ಘಟಕವನ್ನು ನಿಲ್ಲಿಸಿದರು. ಮತ್ತೆ ಶುರು ಮಾಡಿದ್ದು 2023ರಲ್ಲಿ.

– ಸಂ.