ಕ್ಯಾಂಪಿಂಗ್‌ನ ಕೊನೆಯ ಬೆಳಗ್ಗೆ, ಉಳಿದದ್ದರಲ್ಲೇ ಹೊಟ್ಟೆ ತುಂಬುವ ತಿಂಡಿ ಮಾಡೋದು ಹೇಗೆ?

ಉಳಿದಿದ್ದನ್ನೆಲ್ಲ ಒಟ್ಟಿಗೆ ಬಾಣಲೆಗೆ ಹಾಕಿದರೆ ಮುದ್ದೆಯಾಗಿಬಿಡುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಸಾಮಾನು ಅದೇ ಇರಲಿ, ಹಾಕುವ ಕ್ರಮ ಬದಲಾಯಿಸಿ. ಒಣಗಿದ್ದು ಮೊದಲು, ನೀರು ಬಿಡುವಂಥದ್ದು ಕೊನೆಗೆ. ನನಗೆ ಇಡೀ ಕ್ಯಾಂಪಿಂಗ್‌ನಲ್ಲಿ ತುಂಬಾ ಇಷ್ಟವಾದ ಊಟ ಇದೇ. ಟೆಂಟ್ ಬಿಚ್ಚಿ, ಮಡಚಿ, ಭಾರ ಹೊತ್ತು ಹೊರಡಬೇಕಲ್ವಾ, ಗಟ್ಟಿಯಾಗಿ ತಿನ್ನಲೇಬೇಕು.

ಕೆಲಸ ಹಿಂದಿನ ರಾತ್ರಿಯೇ ಶುರುವಾಗುತ್ತದೆ. ರಾತ್ರಿ ಅಡುಗೆಯ ಜೊತೆಗೆ ಒಂದಷ್ಟು ಆಲೂಗಡ್ಡೆ ಜಾಸ್ತಿ ಬೇಯಿಸಿ, ಆರಿಸಿ, ಐಸ್ ಬಾಕ್ಸಿನಲ್ಲಿಡಿ. ತೀರಾ ಮೆತ್ತಗೆ ಬೇಯಿಸಬೇಡಿ. ರಾತ್ರಿಯೆಲ್ಲ ತಣ್ಣಗಿದ್ದ ಆಲೂಗಡ್ಡೆ ಸ್ವಲ್ಪ ಬಿಗಿಯಾಗುತ್ತದೆ, ಹುರಿದಾಗ ಪುಡಿಯಾಗುವುದಿಲ್ಲ. ಬೆಳಗ್ಗೆ ಹಸಿ ಆಲೂಗಡ್ಡೆ ಬೇಯಿಸಲು ಕೂತರೆ ಉಳಿದ ಗ್ಯಾಸ್ ಅದಕ್ಕೇ ಖರ್ಚಾಗುತ್ತದೆ. ಬೆಟ್ಟದ ಮೇಲಂತೂ ಇನ್ನೂ ತಡ. ಸುಮಾರು 300 ಮೀಟರ್ ಮೇಲೆ ಹೋದ ಹಾಗೆಲ್ಲ ನೀರು 1 ಡಿಗ್ರಿ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ.

ಬೆಳಗ್ಗೆ ಅಗಲವಾದ, ದಪ್ಪ ತಳದ ಬಾಣಲೆ ಇಡಿ. ಸೌದೆ ಒಲೆಯಾದರೆ ಉರಿ ಇಳಿದು ಕೆಂಡವಾಗುವವರೆಗೆ ಕಾಯಿರಿ. ಎಣ್ಣೆ ಚೆನ್ನಾಗಿ ಕಾದ ಮೇಲೆ ಆಲೂಗಡ್ಡೆ ತುಂಡುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ. ಆಮೇಲೆ ಕೈ ಕಟ್ಟಿ ಕೂರಿ! ಸುಮ್ನೆ ಕೆದಕುತ್ತಿದ್ದರೆ ಗರಿಗರಿ ಪದರ ಹಿಡಿಯುವುದೇ ಇಲ್ಲ. ತಳ ಕೆಂಪಾದ ಮೇಲೆ ಒಮ್ಮೆ ತಿರುವಿ. ಈಗ ಈರುಳ್ಳಿ, ಅದು ಬಾಡಿದ ಮೇಲೆ ದೊಣ್ಣೆಮೆಣಸಿನಕಾಯಿ, ಬೇಯಿಸಿದ ಮಾಂಸ ಉಳಿದಿದ್ದರೆ ಅದೂ ಬರಲಿ. ಟೊಮೇಟೊ, ಅಣಬೆ, ಸೊಪ್ಪು ನೀರು ಬಿಡುತ್ತವೆ, ಆದ್ದರಿಂದ ಅವನ್ನು ಬಾಣಲೆಯ ಒಂದು ಪಕ್ಕಕ್ಕೆ ಹಾಕಿ ನೀರು ಆರಿಸಿ, ಆಮೇಲೆ ಬೆರೆಸಿ. ಕೊನೆಗೆ ನಡುವೆ ಗುಳಿ ಮಾಡಿ ಮೊಟ್ಟೆ ಒಡೆದು ಹಾಕಿ, ಮೇಲೆ ಚೀಸ್ ಉದುರಿಸಿ ಮುಚ್ಚಿಡಿ. ಮೊಟ್ಟೆ ಗಟ್ಟಿಯಾಗುವವರೆಗೆ ಸಣ್ಣ ಉರಿ ಸಾಕು. ಉಪ್ಪನ್ನು ರುಚಿ ನೋಡಿಯೇ ಹಾಕಿ, ಚೀಸಿನಲ್ಲಿ, ಉಳಿದ ಮಾಂಸದಲ್ಲಿ ಆಗಲೇ ಇರುತ್ತದೆ. ಒಣಗಿದ ಬ್ರೆಡ್ಡನ್ನು ಬೇರೆಯಾಗಿ ಬೆಣ್ಣೆಯಲ್ಲಿ ಹುರಿದುಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಉಳಿದಿದೆ ಅಂತ ಎಲ್ಲವನ್ನೂ ತಿನ್ನಬಾರದು. ಬೇಯಿಸಿದ ಪದಾರ್ಥ ಹೊರಗೆ 2 ಗಂಟೆಗಿಂತ ಹೆಚ್ಚು ಇದ್ದರೆ ಬಿಟ್ಟುಬಿಡಿ. 32 ಡಿಗ್ರಿ ದಾಟಿದ ಸೆಕೆಯಲ್ಲಿ 1 ಗಂಟೆಯೇ ಮಿತಿ. ಅನ್ನದ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಹೊರಗಿದ್ದ ಅನ್ನದಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಟ್ಟರೆ, ಮತ್ತೆ ಎಷ್ಟು ಬಿಸಿ ಮಾಡಿದರೂ ಅದು ಹೋಗುವುದಿಲ್ಲ. ಐಸ್ ಕರಗಿ ನೀರು ಬೆಚ್ಚಗಾಗಿದ್ದರೆ ಐಸ್ ಬಾಕ್ಸಿನಲ್ಲಿದ್ದ ಮಾಂಸವನ್ನೂ ಬೇಯಿಸಿದ ಆಲೂಗಡ್ಡೆಯನ್ನೂ ನಂಬಬೇಡಿ. ಆಗ ಈರುಳ್ಳಿ, ಹುರಿದ ಬ್ರೆಡ್ಡೇ ಒಳ್ಳೆಯ ತಿಂಡಿ.

ಚಳಿಯಲ್ಲಿ ಸಣ್ಣ ಗ್ಯಾಸ್ ಸಿಲಿಂಡರ್ ಸರಿಯಾಗಿ ಉರಿಯುವುದಿಲ್ಲ. ಒಲೆ ಹಚ್ಚುವ ಮುಂಚೆ ಅದನ್ನು ಸ್ವಲ್ಪ ಹೊತ್ತು ಜಾಕೆಟ್ ಒಳಗೆ ಬೆಚ್ಚಗಿಟ್ಟುಕೊಳ್ಳಿ. ಬೆಂಕಿಯ ಹತ್ತಿರ ಮಾತ್ರ ಇಡಲೇಬೇಡಿ.

ಮೊಟ್ಟೆ ತಿನ್ನದವರಿದ್ದರೆ ಡಬ್ಬದ ಬೀನ್ಸ್ ಒಳ್ಳೆಯದು. ನೀರು ಪೂರ್ತಿ ಬಸಿದು, ಅರ್ಧ ಕಾಳನ್ನು ಜಜ್ಜಿ ಸೇರಿಸಿ. ಆಲೂಗಡ್ಡೆಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ, ಮಧ್ಯಾಹ್ನದವರೆಗೆ ಹಸಿವಾಗುವುದಿಲ್ಲ.